ಬ್ಲಾಕ್ ಜೋಡಿಸುವ ಹುಡುಗನಿಂದ ಬರೆಸುವುದು ಹೇಗೆ?

ಎರಡನೇ ತರಗತಿಯ ಮಗ ದಿನವಿಡೀ ಬ್ಲಾಕ್ ಜೋಡಿಸುತ್ತಾನೆ, ಕನ್ನಡದಲ್ಲಿ ಎರಡು ಸಾಲು ಬರೆ ಎಂದರೆ ಎದ್ದು ಹೋಗುತ್ತಾನೆ, ಏನು ಮಾಡಲಿ ಎಂದು ಪೋಷಕರೊಬ್ಬರು ಕೇಳಿದ್ದಾರೆ. ಬ್ಲಾಕಿನ ಪೆಟ್ಟಿಗೆಯನ್ನೇ ಅಟ್ಟಕ್ಕೆ ಹಾಕಿ ಎಂಬ ಸಲಹೆಯೂ ಅವರಿಗೆ ಬಂದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಿದ ಮೇಲೆ ‘ಇದರ ಬಗ್ಗೆ ಐದು ವಾಕ್ಯ ಬರೆ’ ಎನ್ನುವುದೂ ಬೇಡ. ಕಟ್ಟಿದ ಮನೆ ಕಣ್ಣೆದುರೇ ಇರುವಾಗ ಅದನ್ನು ಬರೆದು ತೋರಿಸುವ ದರ್ದು ಅವನಿಗೇನಿದೆ? ಅದನ್ನು ಕಾಣದವರೊಬ್ಬರು ಬೇಕು.

ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಇಬ್ಬರ ಬಳಿಯೂ ಒಂದೇ ಬಗೆಯ ಆರೇಳು ತುಂಡುಗಳಿರಲಿ. ಅವನು ಕಟ್ಟುತ್ತ ಹೇಳಬೇಕು, ನೀವು ತಿರುಗಿ ನೋಡದೆ ಹಾಗೆಯೇ ಕಟ್ಟಬೇಕು. ‘ಅದನ್ನು ಅಲ್ಲಿಡು’ ಎಂದರೆ ಬೇಕೆಂದೇ ಬೇರೆಲ್ಲೋ ಇಡಿ. ತಿರುಗಿ ನೋಡಿದಾಗ ಅವನು ನಗುತ್ತಾನೆ, ಆಮೇಲೆ ರೇಗುತ್ತಾನೆ, ಕ್ರಮೇಣ ‘ಕೆಂಪು ತುಂಡಿನ ಮೇಲೆ ನೀಲಿಯದನ್ನು ಅಡ್ಡವಾಗಿ ಇಡು, ಒಂದು ತುದಿ ಹೊರಗೆ ಚಾಚಿರಲಿ’ ಎನ್ನುತ್ತಾನೆ. ಕೋಷ್ಟಕ ಬಾಯಿಪಾಠ ಮಾಡಿಸದೆ ವಿಭಕ್ತಿ ಬಂತಲ್ಲ! ‘ಗೋಡೆಯ ಮೇಲೆ’, ‘ಗೋಡೆಗೆ ಒರಗಿಸಿ’ ಅದಲುಬದಲಾದರೆ ಕಟ್ಟಡವೇ ಬೇರೆಯಾಗುತ್ತದೆ. ನಿಮ್ಮ ಸರದಿಯಲ್ಲಿ ಪೇರಿಸು, ಸಿಕ್ಕಿಸು, ತೂರಿಸು ಮುಂತಾದವನ್ನು ಧಾರಾಳವಾಗಿ ಬಳಸಿ.

ಬರವಣಿಗೆ ಇದರ ನಂತರ. ಅದೇ ಸೂಚನೆಗಳನ್ನು ಚೀಟಿಯಲ್ಲಿ ಬರೆದು ಅಜ್ಜಿಗೋ ಪಕ್ಕದ ಮನೆಯ ಗೆಳೆಯನಿಗೋ ಕೊಡಲಿ. ನಡುವೆ ಚಿತ್ರ ಬಿಡಿಸಿದರೆ ಬಿಡಿಸಲಿ. ಕೆಂಪು ಪೆನ್ನು ಮಾತ್ರ ದೂರವಿರಲಿ. ಅಜ್ಜಿ ಕಟ್ಟಿದ್ದು ಸೊಟ್ಟಗಾದರೆ ಎಲ್ಲಿ ಎಡವಿದರು ಎಂದು ಚೀಟಿಯಲ್ಲಿ ಹುಡುಕುವವನು ಅವನೇ. ತಿದ್ದಿ ಬರೆಯುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಾಯ ನನಗೆ ಗೊತ್ತಿಲ್ಲ.

ದುಬಾರಿ ಲೆಗೊ ಬೇಕೆಂದೇನಿಲ್ಲ. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ 1978ರ ಸುಮಾರಿಗೆ ಮಧ್ಯಪ್ರದೇಶದ ಹೋಶಂಗಾಬಾದ್‌ನ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದಲೇ (ಗಾಳಿ ತುಂಬುವ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಮಾದರಿಗಳನ್ನು ಕಟ್ಟಿಸುತ್ತಿದ್ದರು. ಟ್ಯೂಬನ್ನು ಒಂದೂವರೆ ಸೆಂಟಿಮೀಟರ್‌ನಷ್ಟು ಕತ್ತರಿಸಿ, ಮದ್ದು ಕೆರೆದು ತೆಗೆದ ಕಡ್ಡಿಗಳನ್ನು ಎರಡೂ ಬದಿಯಿಂದ ತೂರಿಸಿದರೆ ಕೀಲು ಸಿದ್ಧ. ಮದ್ದು ಕೆರೆಯುವುದು ದೊಡ್ಡವರ ಕೆಲಸ. ಮೊದಲು ತ್ರಿಕೋನ, ಆಮೇಲೆ ಚೌಕ ಮಾಡಿಸಿ. ತ್ರಿಕೋನ ಅಲುಗುವುದಿಲ್ಲ, ಚೌಕ ಒತ್ತಿದೊಡನೆ ವಾಲುತ್ತದೆ. ‘ಯಾಕೆ?’ ಎಂದು ಅವನೇ ಕೇಳುತ್ತಾನೆ. ಉತ್ತರ ಹೇಳಿಬಿಡಬೇಡಿ, ಏನು ಮಾಡಿದೆ, ಏನಾಯಿತು ಎಂದು ಬರೆದಿಡಲಿ. ಅಂದು ಎರಡು ಸಾಲಿಗೇ ನಿಂತರೂ ಸಾಕು.

ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಟ್ಯೂಬಿನ ತುಂಡುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಕೈಗೆಟುಕದಂತೆ ಇಡಿ. ಅವು ನೇರವಾಗಿ ಬಾಯಿಗೇ ಹೋಗುತ್ತವೆ.