ಆ್ಯರೋ ಹಡಗಿಗೆ ಬ್ರಿಟಿಷ್ ಬಾವುಟ ಎಲ್ಲಿಂದ ಬಂತು?

ಬ್ರಿಟನ್ ಮತ್ತು ಚೀನಾ ನಡುವಿನ ಎರಡನೇ ಅಫೀಮು ಯುದ್ಧಕ್ಕೆ ನೆಪವಾದ ಹಡಗು ಆ್ಯರೋ. ಚೀನೀಯರ ಈ ಹಡಗಿನ ಮೇಲೆ ಬ್ರಿಟಿಷ್ ಬಾವುಟ ಯಾಕಿತ್ತು ಅಂತ ಕೇಳಿದ್ದೀರಿ. ಅದಕ್ಕೆ ಕಾರಣ 1855ರಲ್ಲಿ, ಆಗ ಬ್ರಿಟಿಷರ ಕೈಲಿದ್ದ ಹಾಂಗ್‌ಕಾಂಗ್‌ನ ಸರ್ಕಾರ ತಂದ ನೋಂದಣಿ ಕಾನೂನು. ಅಲ್ಲಿ ಸರ್ಕಾರಿ ಜಮೀನನ್ನು ಗುತ್ತಿಗೆಗೆ ಹಿಡಿದಿದ್ದ ಚೀನೀ ವ್ಯಾಪಾರಿಯೂ ತನ್ನ ಹಡಗನ್ನು ಅಲ್ಲೇ ನೋಂದಾಯಿಸಿ ಬ್ರಿಟಿಷ್ ಬಾವುಟ ಹಾರಿಸಬಹುದಿತ್ತು. ನೋಂದಣಿ ಪತ್ರ ಒಂದು ವರ್ಷಕ್ಕೆ ಮಾತ್ರ, ಆಮೇಲೆ ನವೀಕರಿಸಬೇಕಿತ್ತು. ಆ್ಯರೋದಲ್ಲಿ ಹೆಸರಿಗೊಬ್ಬ ಬ್ರಿಟಿಷ್ ಕ್ಯಾಪ್ಟನ್ ಇದ್ದ. ವಯಸ್ಸು 21, ಅಷ್ಟೇ!

1856ರ ಅಕ್ಟೋಬರ್ 8ರಂದು ಚೀನಾದ ಬಂದರು ಕ್ಯಾಂಟನ್‌ನಲ್ಲಿ (ಇಂದಿನ ಗುವಾಂಗ್‌ಝೌ) ಚೀನೀ ಅಧಿಕಾರಿಗಳು ಹಡಗು ಹತ್ತಿ 12 ನಾವಿಕರನ್ನು ಹಿಡಿದರು. ಬಾವುಟಕ್ಕೆ ಅವಮಾನ ಆಯ್ತು ಅಂತ ಅಲ್ಲಿನ ಬ್ರಿಟಿಷ್ ಪ್ರತಿನಿಧಿ (ಕಾನ್ಸಲ್) ಹ್ಯಾರಿ ಪಾರ್ಕ್ಸ್ ಗಲಾಟೆ ಎಬ್ಬಿಸಿದ. ತಮಾಷೆ ಏನು ಗೊತ್ತಾ? ನೋಂದಣಿ ಸೆಪ್ಟೆಂಬರ್ 27ಕ್ಕೇ ಮುಗಿದಿತ್ತು. ಹಾಂಗ್‌ಕಾಂಗ್ ಗವರ್ನರ್ ಬೌರಿಂಗ್‌ಗೆ ಅದು ಗೊತ್ತಾದರೂ ಚೀನೀಯರ ಮುಂದೆ ಬಾಯಿ ಬಿಡಲಿಲ್ಲ. ಎರಡನೇ ಅಫೀಮು ಯುದ್ಧ ಶುರುವಾಗಿದ್ದು ಈ ನೆಪದಲ್ಲೇ.