ಬಾವಿಗೆ ಬಯೋಚಾರ್ ಸುರಿದ್ರೆ ಕಳೆನಾಶಕ ಹೋಗುತ್ತಾ?

ಪಕ್ಕದ ಹೊಲದೋರು ಗೋವಿನಜೋಳಕ್ಕೆ ಅಟ್ರಜಿನ್ ಅನ್ನೋ ಕಳೆನಾಶಕ ಹೊಡೀತಾರೆ, ಮಳೆ ನೀರೆಲ್ಲ ನಮ್ಮ ಬಾವಿ ಕಡೆನೇ ಹರಿಯುತ್ತೆ, ಬಾವಿಗೆ ಎರಡು ಚೀಲ ಬಯೋಚಾರ್ (ಗಾಳಿ ಸರಿಯಾಗಿ ಆಡದ ಹಾಗೆ ಚಿಪ್ಪು, ದಂಟು ಸುಟ್ಟು ಮಾಡೋ ಇದ್ದಿಲು) ಸುರಿದ್ರೆ ಸಾಕಾ ಅಂತ ಕೇಳಿದೀರ. ದಯವಿಟ್ಟು ಸುರೀಬೇಡಿ. ಅಟ್ರಜಿನ್‌ಗೆ ಒಳ್ಳೆ ಇದ್ದಿಲು ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ ಬಾವಿ ಅದಕ್ಕೆ ಜಾಗ ಅಲ್ಲ. ಇದ್ದಿಲಿನ ಸಣ್ಣ ಸಣ್ಣ ತೂತುಗಳ ಗೋಡೆಗೆ ಔಷಧಿ ಅಂಟ್ಕೊಂಡು ಕೂತಿರುತ್ತೆ ಅಷ್ಟೆ, ನಾಶ ಆಗಲ್ಲ. ಬಾವಿ ತಳಕ್ಕೆ ಹೋದ ಇದ್ದಿಲನ್ನ ಆಮೇಲೆ ಎತ್ತೋರು ಯಾರು? ಮೇಲೆ ಕಪ್ಪು ಪುಡಿ ಬೇರೆ ಮೋಟಾರಿಗೆ ಹೋಗುತ್ತೆ.

ನಮ್ದು ತಿಪಟೂರು ಕಡೆ ತೆಂಗಿನ ತೋಟ, ಚಿಪ್ಪಿಗೇನು ಬರ ಇಲ್ಲ, ಅದಕ್ಕೆ ಹಳೇ ಡ್ರಮ್ಮಲ್ಲಿ ನಾನೇ ಸುಟ್ಟು ನೋಡಿದೀನಿ. ಮೊದಲನೇ ಸಲ ಆತುರಕ್ಕೆ ಬೇಗ ಮುಚ್ಚಳ ಹಾಕ್ಬಿಟ್ಟೆ, ಹೊಗೆ ಒಳಗೇ ಸುತ್ತಿ ಇದ್ದಿಲು ಟಾರ್ ವಾಸನೆ ಹೊಡೀತಿತ್ತು, ಮುಟ್ಟಿದ್ರೆ ಬೆರಳಿಗೆ ಜಿಡ್ಡು ಜಿಡ್ಡು. ಎರಡನೇ ಸಲ ಮೇಲೆ ಉರಿ ಆರದ ಹಾಗೆ ಸ್ವಲ್ಪ ಸ್ವಲ್ಪ ಚಿಪ್ಪು ಹಾಕ್ತಾ ಹೋಗಿ, ಎಲ್ಲ ಕೆಂಡ ಆದ್ಮೇಲೆ ನೀರು ಹೊಯ್ದು ಆರಿಸ್ದೆ. ಒಂದಕ್ಕೊಂದು ತಾಗಿಸಿದ್ರೆ ಟಣ್ ಅನ್ನೋದು, ಕೈಗೆ ಹತ್ತಿದ ಕಪ್ಪು ಬರೀ ನೀರಲ್ಲೇ ಹೋಯ್ತು. ಮೀನಿನ ತೊಟ್ಟಿಗೆ ಹಾಕೋ ಮೆಥಿಲೀನ್ ಬ್ಲೂ ಸಿಗುತ್ತಲ್ಲ, ಅದರ ಎರಡೆರಡು ಹನಿ ಎರಡು ಲೋಟ ನೀರಿಗೆ ಬಿಟ್ಟು ಎರಡೂ ಇದ್ದಿಲಿನ ಪುಡಿ ಒಂದೊಂದು ಚಮಚ ಹಾಕಿಟ್ಟೆ. ಬೆಳಿಗ್ಗೆ ನೋಡಿದ್ರೆ ಮೊದಲನೇದು ಹಂಗೇ ನೀಲಿ, ಎರಡನೇದು ತಿಳಿ ನೀರು. ಬಣ್ಣ ಬೇರೆ ಅಟ್ರಜಿನ್ ಬೇರೆ, ಆದ್ರೂ ಯಾವುದು ಸರಿಯಾಗಿ ಸುಟ್ಟಿದೆ ಅಂತ ತಿಳಿಯೋಕೆ ಅಷ್ಟು ಸಾಕು. ಅಟ್ರಜಿನ್ ತರದ್ದಕ್ಕೆ 600 ಡಿಗ್ರಿ ಮೇಲೆ ಬೆಂದ ಇದ್ದಿಲು ಒಳ್ಳೇದು. ಹೊಗೆಯಲ್ಲಿ ಬೆಂದಿದ್ದರಲ್ಲಿ ಹೊಸ ವಿಷಗಳೇ ಸೇರ್ಕೊಂಡಿರುತ್ವೆ, ಕ್ಲೀನ್ ಮಾಡಕ್ಕೆ ಹೋಗಿ ಗಲೀಜು ಮಾಡ್ಕೊಂಡಂಗೆ.

ಹೊಲಕ್ಕೆಲ್ಲ ಹಾಕ್ತೀನಿ ಅಂದ್ರೆ ಲೆಕ್ಕ ನೋಡಿ. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮಣ್ಣೇ ಸುಮಾರು 800 ಟನ್ ಆಗುತ್ತೆ, ಅದಕ್ಕೆ 1 ಪರ್ಸೆಂಟ್ ಅಂದ್ರೂ 8 ಟನ್ ಇದ್ದಿಲು, ಅಷ್ಟು ಬರಬೇಕಂದ್ರೆ ಹತ್ತಿರ ಹತ್ತಿರ 30 ಟನ್ ಒಣ ದಂಟು ಸುಡಬೇಕು. ಆಗೋ ಮಾತಾ? ಇನ್ನೊಂದು ತಮಾಷೆ ಏನಂದ್ರೆ ಇದ್ದಿಲು ಹಾಕಿದ ಹೊಲದಲ್ಲಿ ನೀವೇ ಕಳೆನಾಶಕ ಹೊಡೆದ್ರೆ ಅದನ್ನೂ ಇದ್ದಿಲೇ ಹಿಡ್ಕೊಂಡು ಕಳೆ ಆರಾಮಾಗಿ ಬೆಳೆಯುತ್ತೆ.

ನಾನಾಗಿದ್ರೆ ನೀರು ಬರೋ ದಾರಿಗೆ ಅಡ್ಡ, ಬಾವಿಯಿಂದ ದೂರದಲ್ಲೇ ಒಂದು ಟ್ರೆಂಚ್ ತೆಗೆದು ಕಾಳು ಸೈಜಿನ ಇದ್ದಿಲನ್ನ ಕೊಳೆಯದ ಪ್ಲಾಸ್ಟಿಕ್ ಬಲೆ ಚೀಲದಲ್ಲಿ ತುಂಬಿ ಸಾಲಾಗಿ ಇಡ್ತಿದ್ದೆ, ಮುಂದೆ ಒಂದಿಷ್ಟು ಮರಳು ಜಲ್ಲಿ, ಇಲ್ಲಾಂದ್ರೆ ಮೊದಲ ಮಳೆಗೇ ಕೆಸರು ತುಂಬ್ಕೊಳ್ಳುತ್ತೆ. ಚೀಲ ಆದ್ರೆ ಮುಂದಿನ ವರ್ಷ ತೆಗೆದು ಬದಲಾಯಿಸಬಹುದು. ಯೂಟ್ಯೂಬಲ್ಲಿ ಸಗಣಿ ನೀರಲ್ಲಿ ನೆನೆಸಿ ಹಾಕಿ ಅಂತಾರೆ, ಅದು ಗೊಬ್ಬರದ ಲೆಕ್ಕಕ್ಕೆ, ನಿಮ್ಮ ಕೆಲಸಕ್ಕೆ ನೆನೆಸಿದ್ರೆ ತೂತೆಲ್ಲ ಮೊದಲೇ ಮುಚ್ಚಿಹೋಗುತ್ತೆ. ಮತ್ತೆ ಅವರು ಹೊಡೀತಿರೋದು ಅಟ್ರಜಿನ್ನೇನಾ ಅಂತ ಡಬ್ಬಿ ನೋಡಿ ಕನ್ಫರ್ಮ್ ಮಾಡ್ಕೊಳ್ಳಿ. ಗ್ಲೈಫೋಸೇಟ್ ಅನ್ನೋ ಇನ್ನೊಂದು ಕಳೆನಾಶಕ ಆಗಿದ್ರೆ ನಾನು ಇಷ್ಟು ಧೈರ್ಯವಾಗಿ ಹೇಳ್ತಿರ್ಲಿಲ್ಲ, ಅದು ನೀರಲ್ಲಿ ಸಲೀಸಾಗಿ ಕರಗೋ ಜಾತಿ, ಇದ್ದಿಲಿಗೆ ಅಷ್ಟಾಗಿ ಅಂಟಲ್ಲ.

ಕುಡಿಯೋಕೆ ಮಾತ್ರ ಮನೇಲಿ ಸುಟ್ಟ ಇದ್ದಿಲನ್ನ ನಂಬಬೇಡಿ, ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಹಾಕ್ಸಿ ಟೈಮಿಗೆ ಸರಿಯಾಗಿ ಬದಲಾಯಿಸಿ. ಕುಡಿಯೋ ನೀರಲ್ಲಿ ಅಟ್ರಜಿನ್ ಲೀಟರಿಗೆ ಇಷ್ಟರ ಮೇಲೆ ಇರಬಾರದು ಅಂತ ಅಮೆರಿಕದಲ್ಲಿ ಇಟ್ಟಿರೋ ಮಿತಿ 3 ಮೈಕ್ರೋಗ್ರಾಂ, ಯುರೋಪಲ್ಲಿ 0.1. ಇಷ್ಟು ಕಮ್ಮಿ ಲೆಕ್ಕ ಟಿಡಿಎಸ್ ಮೀಟರ್ ಅದ್ದಿ ನೋಡಿದ್ರೆ ಗೊತ್ತಾಗಲ್ಲ, ಮಾಮೂಲಿ ನೀರಿನ ಟೆಸ್ಟಲ್ಲೂ ಬರಲ್ಲ, ಲ್ಯಾಬಲ್ಲಿ ಪೆಸ್ಟಿಸೈಡ್ ರೆಸಿಡ್ಯೂ ಟೆಸ್ಟ್ ಬೇಕು, ಲಿಸ್ಟಲ್ಲಿ ಅಟ್ರಜಿನ್ ಇದ್ಯಾ ಅಂತ ಹೆಸರು ಹೇಳಿ ಕೇಳಿ. ಸ್ಯಾಂಪಲ್ ಬೇಸಿಗೇಲಿ ತಗೋಬೇಡಿ, ಬಿತ್ತನೆ ಆಗಿ ಅವರು ಔಷಧಿ ಹೊಡೆದ ಮೇಲೆ ಬರೋ ಮೊದಲನೇ ಜೋರು ಮಳೆ ಆದ್ಮೇಲೆ ತಗೊಳ್ಳಿ.