ಶಟರ್ ಸ್ಪ್ರಿಂಗ್ ತುಂಡಾದರೆ

ಪ್ರಶ್ನೆ: ಕಾರು ಶೆಡ್ಡಿಗೆ 10 ಅಡಿ ಅಗಲ, 8 ಅಡಿ ಎತ್ತರದ ರೋಲಿಂಗ್ ಶಟರ್ ಇದೆ. ಮೊನ್ನೆ ರಾತ್ರಿ ಮೇಲುಗಡೆ ‘ಠಣ್’ ಅಂತ ದೊಡ್ಡ ಸದ್ದಾಯಿತು. ಈಗ ಇಬ್ಬರು ಸೇರಿ ಎತ್ತಿದರೂ ಏಳುವುದು ಕಷ್ಟ. ಎಡಗಡೆ ಮೊದಲು ಏರಿ, ಶಟರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗ್ ತಂದುಕೊಟ್ಟರೆ ತಾನೇ ಹಾಕುತ್ತೇನೆ ಅಂತಾನೆ ಮಗ. ಹಾಕಬಹುದೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಸದ್ದಾದ ಮೇಲೆ ಒಮ್ಮೆಲೇ ಭಾರವಾಗಿದೆ, ಬಲಗಡೆ ಹಿಂದೆ ಬೀಳುತ್ತಿದೆ ಎಂದರೆ ಆ ಬದಿಯ ಸ್ಪ್ರಿಂಗ್ ತುಂಡಾಗಿರುವ ಸಂಭವವೇ ಹೆಚ್ಚು. ಶಟರ್ ಮುಚ್ಚಿರುವಾಗ ಒಳಗಿನಿಂದ, ಮೇಲುಗಡೆ ಅಡ್ಡಕ್ಕಿರುವ ಪೈಪಿನ ಸ್ಪ್ರಿಂಗುಗಳ ಮೇಲೆ ಟಾರ್ಚ್ ಬಿಟ್ಟು ನೋಡಿ. ಸುರುಳಿಯ ನಡುವೆ ಬೆರಳು ತೂರುವಷ್ಟು ಸಂದು ಕಂಡರೆ ಅನುಮಾನವೇ ಇಲ್ಲ. ಸದ್ದಿಲ್ಲದೆ ದಿನದಿನಕ್ಕೆ ಭಾರವಾಗುತ್ತ ಬಂದಿದ್ದರೆ ಮಾತು ಬೇರೆ: ಗೈಡಿನಲ್ಲಿ (ಶಟರ್ ಜಾರುವ ಅಕ್ಕಪಕ್ಕದ ಕಬ್ಬಿಣದ ಗಾಡಿಯಲ್ಲಿ) ಧೂಳು ಕಟ್ಟಿರುತ್ತದೆ, ಪಟ್ಟಿ ಬಾಗಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸೋತಿರುತ್ತದೆ.

1.25 ಮಿ.ಮೀ. ತಗಡಿನ ಪಟ್ಟಿಯಾದರೆ, ಪಟ್ಟಿಯ ಅಂಚು ಮಡಿಚಿದ ಭಾಗ ಬಿಟ್ಟು ಬರೀ ತಗಡಿನ ಲೆಕ್ಕಕ್ಕೇ ನಿಮ್ಮ ಶಟರ್ 70 ಕಿಲೋ ದಾಟುತ್ತದೆ. ಇಷ್ಟು ದಿನ ಆ ಭಾರ ಹೊತ್ತಿದ್ದು ಸ್ಪ್ರಿಂಗು. ಶಟರ್ ಇಳಿದಷ್ಟೂ ಅದು ಬಿಗಿಯಾಗುತ್ತದೆ. ಒಂದು ಮುರಿದರೂ ಉಳಿದವು ಬಿಗಿಯಾಗಿಯೇ ಇರುತ್ತವೆ. ಆ ಬಿಗಿಯನ್ನು ತಡೆದಿರುವುದು ಗೋಡೆಯ ಬ್ರಾಕೆಟ್‌ನಲ್ಲಿ ಆ ಪೈಪನ್ನು ಅವುಚಿರುವ ಕ್ಲಾಂಪ್ ಬೋಲ್ಟ್. ಗೊತ್ತಿಲ್ಲದವರು ಮೊದಲು ಸ್ಪ್ಯಾನರ್ ಹಾಕುವುದೇ ಅದಕ್ಕೆ! ಸಡಿಲವಾದ ಕ್ಷಣ ಪೈಪು ರಪ್ಪನೆ ತಿರುಗುತ್ತದೆ, ಅದಕ್ಕೆ ಹಾಕಿದ್ದ ಪೈಪ್ ಪಾನಾ ಬೀಸಿ ಬಂದು ಕೈ, ಮುಖ ಒಡೆಯುತ್ತದೆ. ಏಣಿ ಮೇಲೆ ನಿಂತವರಿಗೆ ಸರಿಯಲು ಜಾಗವೂ ಇರುವುದಿಲ್ಲ.

ಮುಚ್ಚಿದ ಶಟರನ್ನು ಹಾಗೇ ಬಿಡಿ. ಕಾರು ತೆಗೆಯಲೇಬೇಕಿದ್ದರೆ ಮೂರ್ನಾಲ್ಕು ಜನ ಎರಡೂ ಬದಿ ಸಮವಾಗಿ ಎತ್ತಿ, ಗೈಡಿನ ಪಕ್ಕ ಎರಡೂ ಕಡೆ ಗಟ್ಟಿ ಮರದ ಆನಿಕೆ ಕೊಡಿ. ಪಟ್ಟಿಗಳ ಸಂದಿಗೆ ಬೆರಳು ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಶಟರ್ ಮೇಸ್ತ್ರಿಗೆ ಒಂದೇ ಸ್ಪ್ರಿಂಗ್ ಬದಲಿಸಲು ಹೇಳಬೇಡಿ, ಎಲ್ಲವನ್ನೂ ಒಟ್ಟಿಗೆ ಹಾಕಿಸಿ. ಹಳೆಯವು ಅಷ್ಟೇ ದುಡಿದಿವೆ, ಹೊಸದರ ಜೊತೆ ಸಮವಾಗಿ ಎಳೆಯುವುದಿಲ್ಲ. ತಂತಿಯ ದಪ್ಪ, ಸುರುಳಿಯ ಅಗಲ, ಉದ್ದ, ಎಡಸುತ್ತೋ ಬಲಸುತ್ತೋ – ನಾಲ್ಕೂ ಹೊಂದಬೇಕು. ತುಂಡನ್ನು ವೆಲ್ಡಿಂಗ್ ಮಾಡಿಕೊಡುತ್ತೇವೆ ಎಂದರೆ ಒಪ್ಪಲೇಬೇಡಿ. ಕಾದ ಜಾಗದಲ್ಲಿ ಉಕ್ಕಿನ ಹದ ಕೆಟ್ಟು ಮತ್ತೆ ಅಲ್ಲೇ ಮುರಿಯುತ್ತದೆ. ಕೆಲಸ ಮುಗಿದ ಮೇಲೆ, ಮೇಸ್ತ್ರಿ ಇರುವಾಗಲೇ, ಶಟರನ್ನು ಸೊಂಟದೆತ್ತರಕ್ಕೆ ತಂದು ಹಿಡಿತ ಸಡಿಲಿಸಿ. ಅಲ್ಲೇ ನಿಲ್ಲಬೇಕು. ತಾನೇ ಮೇಲೆ ಓಡಿದರೆ ಬಿಗಿ ಹೆಚ್ಚು, ಕುಸಿದರೆ ಕಡಿಮೆ.

ಪ್ರಶ್ನೆ: ನಮ್ಮ ಶಟರಿಗೆ ಪೈಪಿನ ನಡುವೆ ಮೋಟಾರ್ ಇದೆ. ಸ್ಪ್ರಿಂಗ್ ಮುರಿದರೂ ಮೋಟಾರಿನಲ್ಲೇ ನಡೆಸಬಹುದೇ? ಗೈಡಿಗೆ ಎಣ್ಣೆ ಬಿಡಬೇಕೇ?
– ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ನಡೆಸಬೇಡಿ. ನಡುವಿನ ಮೋಟಾರು ಸ್ಪ್ರಿಂಗ್ ತೂಗಿಕೊಟ್ಟ ಶಟರನ್ನು ತಿರುಗಿಸಲು ಇರುವುದು. ಪೂರ್ತಿ ಭಾರ ಬಿದ್ದರೆ ಬಿಸಿಯಾಗಿ ಸುಡಬಹುದು. ಗೈಡಿಗೆ ಎಣ್ಣೆ ಬೇಡ, ನಮ್ಮ ಕಡೆಯ ಧೂಳಿಗೆ ಅದು ಅಂಟಾಗಿ ಕೂರುತ್ತದೆ. ಒಣಬಟ್ಟೆಯಿಂದ ಒರೆಸಿ, ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆದರೆ ಸಾಕು.